ಲೆಕ್ಕ ಕೇಳುವದು ಅಪನಂಬಿಕೆಯೋ?

ಲಾಭದ ಉದ್ದೇಶವಿಲ್ಲದೆ ನಡೆಯುವ ಸಣ್ಣ ಸಂಸ್ಥೆಗಳು ನಮ್ಮ ಊರುಗಳಲ್ಲಿ ಅನೇಕ ಉಂಟು. ಬಡ ಮಕ್ಕಳ ವಿದ್ಯಾರ್ಥಿನಿಲಯ, ಬಾಲವಾಡಿ, ವಾಚನಾಲಯ, ಸ್ತ್ರೀಯರ ಹೊಲಿಗೆಯ ತರಗತಿ, ಕಷ್ಟಕಾಲದ ನಿಧಿ, ಇವೆಲ್ಲಾ ಒಬ್ಬರು ಕೊಟ್ಟ ಹಣದಿಂದ ಮತ್ತೊಬ್ಬರಿಗೋಸ್ಕರ ನಡೆಯುವಂಥವುಗಳು. ಇಂಥ ಸಂಸ್ಥೆಯ ಕೂಟದಲ್ಲಿ ಯಾರಾದರೂ ಎದ್ದು, ಮುಂದಿನ ವರುಷದ ಆಯವ್ಯಯದ ಅಂದಾಜು ಪಟ್ಟಿ ಎಲ್ಲಿ ಎಂದು ಕೇಳಿದರೆ, ಮೇಜಿನ ಆಚೆಯಿಂದ ಒಂದು ಉತ್ತರವು ಬರುವದುಂಟು: “ಹಾಗಾದರೆ ನಿಮಗೆ ನಮ್ಮ ಮೇಲೆ ನಂಬಿಕೆ ಇಲ್ಲವೋ?” ಆ ಮಾತು ಬಂದ ಕೂಡಲೆ ಕೇಳಿದವನು ಕುಳಿತುಕೊಳ್ಳುವನು, ಉಳಿದವರು ತಲೆ ತಗ್ಗಿಸುವರು, ಕೂಟವು ಮುಂದಿನ ವಿಷಯಕ್ಕೆ ಹೋಗುವದು. ಈ ಉತ್ತರವು ನ್ಯಾಯವಾದದ್ದೋ ಅಲ್ಲವೋ ಎಂಬದನ್ನು ಪ್ರಿಯ ವಾಚಕರ ಸಂಗಡ ಸ್ವಲ್ಪ ನಿಧಾನವಾಗಿ ಆಲೋಚಿಸಬೇಕೆಂದಿದ್ದೇವೆ.

ಮೊದಲು ಆ ಹಣವು ಯಾರದೆಂದು ನೋಡೋಣ. ಕೊಟ್ಟವನು ಅದನ್ನು ಕೈಬಿಟ್ಟಿದ್ದಾನೆ. ಇನ್ನು ಅದು ಅವನದಲ್ಲ. ಕಮಿಟಿಯವರು ಅದನ್ನು ಸಂಪಾದಿಸಲಿಲ್ಲ. ಅದು ಅವರದೂ ಅಲ್ಲ. ಯಾರ ಹಸಿವೆಗೋಸ್ಕರ, ಯಾರ ಓದಿಗೋಸ್ಕರ ಕೊಡಲ್ಪಟ್ಟಿತೋ ಆ ಮಗುವಿನದು ಅದು ಎಂದು ಹೇಳಬಹುದು. ಆದರೆ ಆ ಮಗುವು ಕೂಟಕ್ಕೆ ಬರುವದಿಲ್ಲ, ಬಂದರೂ ಪಟ್ಟಿಯನ್ನು ಓದಲಾರದು. ಹೀಗೆ ಕೊಟ್ಟವನು ದೂರದಲ್ಲಿಯೂ, ಹೊಂದತಕ್ಕವನು ಮೌನದಲ್ಲಿಯೂ ಇರುವಾಗ, ನಡುವೆ ನಿಂತವನ ಕೈಯಲ್ಲಿ ಮಾತ್ರ ಹಣವಿರುವದು. ಅವನು ಎಷ್ಟೇ ಸತ್ಯವಂತನಾಗಿದ್ದರೂ ಅವನ ಸ್ಥಾನವು ಅಪಾಯದ್ದೇ. ಅಂದಾಜು ಪಟ್ಟಿಯು ಈ ಮೂವರ ನಡುವೆ ಮುಂಚಿತವಾಗಿ ಆಡಿದ ಒಂದು ಮಾತು: ಇಷ್ಟು ಬರುವದೆಂದು ನಂಬುತ್ತೇವೆ, ಇದನ್ನು ಇಂಥಿಂಥದಕ್ಕೆ ವೆಚ್ಚ ಮಾಡುತ್ತೇವೆ, ಇದಕ್ಕಿಂತ ಕಡಿಮೆ ಬಂದರೆ ಇಂಥದನ್ನು ಬಿಡುತ್ತೇವೆ.

ಅರಸುಗಳ ಎರಡನೆಯ ಪುಸ್ತಕದ 12ನೆಯ ಅಧ್ಯಾಯದಲ್ಲಿ ಅರಸನಾದ ಯೋವಾಷನ ಸಂಗತಿಯನ್ನು ನಮ್ಮ ವಾಚಕರು ಓದಿರುವರು. ಆಲಯವನ್ನು ಜೀರ್ಣೋದ್ಧಾರ ಮಾಡುವದಕ್ಕಾಗಿ ಬಂದ ಹಣವನ್ನು ಯಾಜಕರು ತೆಗೆದುಕೊಂಡು, ಬಿರುಕು ಬಿಟ್ಟಲ್ಲೆಲ್ಲಾ ದುರಸ್ತಿ ಮಾಡತಕ್ಕದ್ದೆಂದು ಅರಸನು ಅಪ್ಪಣೆ ಕೊಟ್ಟಿದ್ದನು. ಅವನ ಆಳಿಕೆಯ 23ನೆಯ ವರುಷದಲ್ಲಿ ನೋಡಿದರೆ ಬಿರುಕುಗಳು ಹಾಗೆಯೇ ಇದ್ದವು. ಯಾಜಕರು ಕದ್ದರೆಂದು ಅಲ್ಲಿ ಬರೆದಿಲ್ಲ. ಹಣವು ಬರುತ್ತಿತ್ತು, ಹೋಗುತ್ತಿತ್ತು. ಕೆಲಸ ಮಾತ್ರ ಆಗಲಿಲ್ಲ. ಅನೇಕ ಸಂಸ್ಥೆಗಳಲ್ಲಿ ನಡೆಯುವದು ಇದೇ ಅಲ್ಲವೋ? ಆಗ ಯೆಹೋಯಾದನು ಒಂದು ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಕೊರೆದು ಅದನ್ನು ಯಜ್ಞವೇದಿಯ ಬಲಗಡೆಯಲ್ಲಿಟ್ಟನು. ಹಣವು ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಕೂಡಿ ಎಣಿಸಿ, ಚೀಲಗಳಲ್ಲಿ ಕಟ್ಟಿ, ಕೆಲಸ ನಡಿಸುವವರಿಗೆ ಒಪ್ಪಿಸುತ್ತಿದ್ದರು. ಆ ಹಣದಿಂದ ಆಲಯಕ್ಕೆ ಬೆಳ್ಳಿಯ ಪಾತ್ರೆಗಳನ್ನು ಮಾಡಿಸಲಿಲ್ಲವೆಂತಲೂ, ಯಾಜಕರಿಗೆ ಸಲ್ಲತಕ್ಕ ಹಣವನ್ನು ಇದರೊಂದಿಗೆ ಬೆರಸಲಿಲ್ಲವೆಂತಲೂ ಅಲ್ಲಿ ಸ್ಪಷ್ಟವಾಗಿ ತಿಳಿಸಲ್ಪಟ್ಟಿದೆ. ಬೇರೆ ಬೇರೆ ಉದ್ದೇಶದ ಹಣವನ್ನು ಬೇರೆ ಬೇರೆಯಾಗಿ ಇಡತಕ್ಕದ್ದೆಂಬ ನಿಯಮವು ಇಂದಿನ ಲೆಕ್ಕ ಪರಿಶೋಧಕರು ಕಂಡುಹಿಡಿದದ್ದಲ್ಲವೆಂದು ಇದರಿಂದ ತಿಳಿಯಬಹುದು.

ಆದರೆ ಅದೇ ಅಧ್ಯಾಯದಲ್ಲಿ ನಮ್ಮ ವಾದಕ್ಕೆ ವಿರೋಧವಾಗಿ ತೋರುವ ಒಂದು ಮಾತೂ ಉಂಟು. ಕೆಲಸದವರಿಗೆ ಕೂಲಿ ಕೊಡುವದಕ್ಕೋಸ್ಕರ ಯಾರ ಕೈಗೆ ಹಣ ಒಪ್ಪಿಸಿದರೋ ಅವರಿಂದ ಲೆಕ್ಕ ಕೇಳಲಿಲ್ಲ, ಯಾಕಂದರೆ ಅವರು ನಂಬಿಗಸ್ತರಾಗಿದ್ದರು. ಮೇಜಿನ ಆಚೆಯಲ್ಲಿರುವ ನಮ್ಮ ಸ್ನೇಹಿತರು ಈ ವಚನವನ್ನು ಹಿಡಿದುಕೊಳ್ಳುವದು ಸಹಜವೇ. ಅವರು ಮೇಲಿನ ಸಾಲುಗಳನ್ನೂ ನೋಡಲಿ. ಹಣವು ಬೀಗದ ಪೆಟ್ಟಿಗೆಯಂತಿದ್ದದರೊಳಗೆ ಬಿದ್ದಿತು, ಇಬ್ಬರಿಂದ ಎಣಿಸಲ್ಪಟ್ಟಿತು, ಉದ್ದೇಶವು ಗೊತ್ತು ಮಾಡಲ್ಪಟ್ಟಿತು, ಕೆಲಸವು ಎಲ್ಲರ ಕಣ್ಣೆದುರಿಗೆ ಕಲ್ಲಿನಲ್ಲಿಯೂ ಮರದಲ್ಲಿಯೂ ಕಾಣುತ್ತಿತ್ತು. ಇಷ್ಟೆಲ್ಲಾ ಆದ ಮೇಲೆ ಬಡಗಿಗಳ ಮೇಸ್ತ್ರಿಯಿಂದ ಮೊಳೆ ಮೊಳೆಗೆ ಲೆಕ್ಕ ಕೇಳಲಿಲ್ಲ. ಕೇಳದೆ ಇರುವ ಸ್ವಾತಂತ್ರ್ಯವು ಮೊದಲು ಮಾಡಿದ ಕ್ರಮದಿಂದ ಹುಟ್ಟಿತು. ಇದಲ್ಲದೆ 23 ವರುಷ ಕೆಲಸವಾಗದ ಮೇಲೆ ಅರಸನು ಯಾರನ್ನು ಕರೆದು ಕೇಳಿದನು? ಕೂಲಿಯವರನ್ನಲ್ಲ, ಮಹಾಯಾಜಕನನ್ನು. ನಮ್ಮಲ್ಲಿ ಇದು ತಲೆಕೆಳಗಾಗಿದೆ. ಅಡಿಗೆಯವಳು ತಂದ 40 ರೂಪಾಯಿಯ ಕೊತ್ತಂಬರಿ ಸೊಪ್ಪಿಗೆ ಚೀಟಿ ಕೇಳುವೆವು. ಅಧ್ಯಕ್ಷರ ಪ್ರಯಾಣದ ವೆಚ್ಚವನ್ನು ಕೇಳಲು ನಾಚುವೆವು.

ನಂಬಿಕೆಯ ವಿಷಯವಾಗಿ ಹೆಸರಾದ ಜಾರ್ಜ್ ಮುಲ್ಲರ್ ಎಂಬವನ ನಡತೆಯೂ ಇಲ್ಲಿ ಜ್ಞಾಪಕಕ್ಕೆ ಬರುತ್ತದೆ. ಇವನು 1836ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದ ವಿಲ್ಸನ್ ಬೀದಿಯಲ್ಲಿ ಒಂದು ಬಾಡಿಗೆಯ ಮನೆಯೊಳಗೆ ಅನಾಥಾಲಯವನ್ನು ಆರಂಭಿಸಿ, ಮುಂದೆ ಆಶ್ಲಿ ಡೌನ್ ಎಂಬ ಸ್ಥಳದಲ್ಲಿ ಐದು ದೊಡ್ಡ ಮನೆಗಳನ್ನು ಕಟ್ಟಿಸಿ, ಒಂದೇ ಕಾಲಕ್ಕೆ 2000ಕ್ಕಿಂತ ಹೆಚ್ಚು ಮಕ್ಕಳನ್ನು ಸಾಕುವಷ್ಟು ವಿಸ್ತರಿಸಿದನು. ಯಾವ ಮನುಷ್ಯನ ಹತ್ತಿರವೂ ಹಣ ಬೇಡುವದಿಲ್ಲವೆಂಬದು ಅವನ ನಿಶ್ಚಯ. ಅಂಥವನು ಲೆಕ್ಕವನ್ನು ಅಲಕ್ಷ್ಯ ಮಾಡಿದನೆಂದು ನೆನಸಬೇಡಿರಿ. ದಾನ ಕೊಟ್ಟವರಿಗೆ ಸಂಖ್ಯೆ ಹಾಕಿದ ರಸೀತಿಗಳನ್ನು ಕೊಟ್ಟು, ವರುಷದ ವರದಿಯಲ್ಲಿ ಹೆಸರಿಗೆ ಬದಲಾಗಿ ಆ ಸಂಖ್ಯೆಗಳನ್ನೇ ಅಚ್ಚು ಹಾಕಿಸುತ್ತಿದ್ದನು. ಕೊಟ್ಟವನು ತನ್ನ ಕಾಸು ಲೆಕ್ಕಕ್ಕೆ ಸೇರಿತೆಂದು ತಾನೇ ನೋಡಿಕೊಳ್ಳಬಹುದಾಗಿತ್ತು, ನೆರೆಯವನಿಗೆ ಅವನ ಹೆಸರು ತಿಳಿಯುತ್ತಿರಲಿಲ್ಲ. 1841ರ ಡಿಸೆಂಬರಿನಲ್ಲಿ ಕೈಯಲ್ಲಿ ಬಹಳ ಕೊರತೆಯಿದ್ದಾಗ, ವರದಿಯನ್ನು ಆಗಲೇ ಪ್ರಕಟಿಸಿದರೆ ಅದು ಭಿಕ್ಷೆಯ ಕೂಗಿನಂತಾದೀತೆಂದು ಅದನ್ನು ಕೆಲವು ತಿಂಗಳು ಮುಂದಕ್ಕೆ ಹಾಕಿದನು. ಈ ಕಡೆಯ ಕೆಲಸವನ್ನು ನಾವು ಪೂರಾ ಒಪ್ಪುವದಿಲ್ಲ. ಕೊರತೆಯನ್ನು ತಿಳಿಸುವದು ಬೇಡುವದಾಗಬೇಕೆಂದಿಲ್ಲ. ಮುಲ್ಲರನಂಥ ದೃಢತೆಯಿಲ್ಲದವರು ಅವನನ್ನು ಅನುಸರಿಸಿದರೆ ಮಕ್ಕಳು ಉಪವಾಸ ಬೀಳುವರು. ಆದರೆ ನಂಬಿಕೆಗೂ ಲೆಕ್ಕಕ್ಕೂ ಜಗಳವಿಲ್ಲವೆಂಬದಕ್ಕೆ ಅವನ ರಸೀತಿಗಳೇ ಸಾಕ್ಷಿ.

ಇನ್ನು ಪಟ್ಟಿಯನ್ನು ತಯಾರಿಸುವ ಬಗೆಗೆ ಬರೋಣ. ಸುಲಭವಾದ ರೂಢಿ ಯಾವದೆಂದರೆ, ಹೋದ ವರುಷದ ಹಾಳೆಯನ್ನು ಮುಂದಿಟ್ಟುಕೊಂಡು ಪ್ರತಿಯೊಂದು ಬಾಬಿಗೂ ನೂರಕ್ಕೆ 10 ಸೇರಿಸಿ ಬರೆಯುವದು. ಇದರಲ್ಲಿ ಯೋಚನೆ ಇಲ್ಲ. ಹೋದ ವರುಷದ ತಪ್ಪುಗಳಿಗೂ ಬಡ್ಡಿ ಸೇರುವದು. ಉದಾಹರಣೆಗಾಗಿ 40 ಮಕ್ಕಳ ಒಂದು ವಿದ್ಯಾರ್ಥಿನಿಲಯವಿದೆ ಎಂದು ಇಟ್ಟುಕೊಳ್ಳೋಣ. ಒಂದು ಮಗುವಿನ ಊಟಕ್ಕೆ ದಿನಕ್ಕೆ 60 ರೂಪಾಯಿಯಂತೆ 300 ದಿನಕ್ಕೆ 7,20,000 ರೂಪಾಯಿ ಆಗುವದು. ಈ 60 ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದ್ದಾರೋ? ಅದನ್ನು ಬಲ್ಲವಳು ಅಡಿಗೆಯವಳು. ಹೊಸ ಅಕ್ಕಿ ಎಷ್ಟು ಹಿಡಿಯುತ್ತದೆ, ಮಳೆಗಾಲದಲ್ಲಿ ತರಕಾರಿ ಎಷ್ಟು ತುಟ್ಟಿ, ಗ್ಯಾಸಿನ ಸಿಲಿಂಡರು ಎಷ್ಟು ದಿನ ಬರುತ್ತದೆ, ಇದೆಲ್ಲಾ ಅವಳ ಬಾಯಲ್ಲಿರುವದು. ಅವಳನ್ನು ಕಮಿಟಿಗೆ ಕರೆದು ಕುಳ್ಳಿರಿಸಿ ಕೇಳಿದ ಸಂಸ್ಥೆ ಅಪರೂಪ. ಆ ಒಂದು ಸಂಖ್ಯೆಯಲ್ಲಿ 5 ರೂಪಾಯಿ ತಪ್ಪಿದರೆ ವರುಷಕ್ಕೆ 60,000 ರೂಪಾಯಿ ತಪ್ಪುವದೆಂಬದನ್ನು ನೆನಪಿಡಿರಿ. ಮನೆಯ ಮಾಡಿನ ದುರಸ್ತಿಗೆಂದು ಇಟ್ಟದ್ದೂ ಅಷ್ಟೇ ಆಗಿರಬಹುದು.

ವರುಷದ ಮೊತ್ತವು ಸರಿಯಾಗಿದ್ದರೆ ಸಾಲದು, ತಿಂಗಳುಗಳೂ ಸರಿಹೊಂದಬೇಕು. ಮಕ್ಕಳು ಬರುವದು ಜೂನಿನಲ್ಲಿ. ಆಗ ಪುಸ್ತಕ, ಚಾಪೆ, ಬಕೇಟು, ಸಮವಸ್ತ್ರ, ಎಲ್ಲಾ ಒಟ್ಟಿಗೆ ಬೇಕು. ರೈತನ ಕೈಯಲ್ಲಿ ಆಗ ಕಾಸಿಲ್ಲ, ಯಾಕಂದರೆ ಬೀಜಕ್ಕೂ ಗೊಬ್ಬರಕ್ಕೂ ಹಾಕಿದ್ದಾನೆ. ಸುಗ್ಗಿಯ ಕಾಣಿಕೆ ಬರುವದು ಬೆಳೆ ಕೊಯ್ದ ಮೇಲೆ. ವರುಷಾಂತ್ಯದಲ್ಲಿ ಜಮಾ ಖರ್ಚು ಸರಿಯಾಗಿದ್ದರೂ ಆಗಸ್ಟ್ ತಿಂಗಳಲ್ಲಿ ಅಂಗಡಿಯವನಿಗೆ ಕೊಡಲು ಏನೂ ಇಲ್ಲದೆ ಖಜಾಂಚಿಯು ಮುಖ ಮರೆಸಿಕೊಂಡು ತಿರುಗುವದು ಇದರಿಂದಲೇ. ತಿಂಗಳಿಗೊಂದು ಕಟ್ಟೆಯಂತೆ ಹನ್ನೆರಡು ಕಟ್ಟೆ ಎಳೆದು, ಯಾವಾಗ ಬರುವದು ಯಾವಾಗ ಹೋಗುವದು ಎಂದು ಬರೆದರೆ ಈ ನಾಚಿಕೆಯನ್ನು ಜನವರಿಯಲ್ಲಿಯೇ ಕಾಣಬಹುದು. ಅಂಗಡಿಯವನಿಗೆ ಮುಂಚಿತವಾಗಿ ತಿಳಿಸಲೂಬಹುದು.

ಬರತಕ್ಕ ಹಣವನ್ನು ಬರೆಯುವಾಗ ಮಾತು ಕೊಟ್ಟದ್ದು ಬೇರೆ, ಬಂದದ್ದು ಬೇರೆ ಎಂಬದನ್ನು ಮರೆಯಬಾರದು. ಗಾಂಧಿಯವರು 1894ರಲ್ಲಿ ದಕ್ಷಿಣ ಆಫ್ರಿಕದಲ್ಲಿ ನಟಾಲ್ ಇಂಡಿಯನ್ ಕಾಂಗ್ರೆಸ್ಸನ್ನು ಸ್ಥಾಪಿಸಿದಾಗ, ಸದಸ್ಯನೊಬ್ಬನು ತಿಂಗಳಿಗೆ ಕಡಿಮೆಯೆಂದರೆ 5 ಷಿಲಿಂಗ್ ಕೊಡತಕ್ಕದ್ದೆಂದು ಗೊತ್ತು ಮಾಡಿದರು. ಉತ್ಸಾಹದಿಂದ ಹೆಸರು ಬರಸಿದವರಿಂದ ತಿಂಗಳು ತಿಂಗಳು ವಸೂಲು ಮಾಡುವದು ಅಸಾಧ್ಯವೆಂದು ಬೇಗನೆ ಕಂಡುಬಂತು. ಆದದರಿಂದ ವರುಷಕ್ಕೆ 3 ಪೌಂಡಿನ ವಂತಿಗೆಯಾಗಿ ಅದನ್ನು ಮಾರ್ಪಡಿಸಿದರು. ಒಂದೊಂದು ಕಾಸಿಗೂ ರಸೀತಿ ಇರಬೇಕು, ಶುದ್ಧವಾದ ಲೆಕ್ಕವಿಲ್ಲದೆ ಸಾರ್ವಜನಿಕ ಕೆಲಸದಲ್ಲಿ ಸತ್ಯವು ನಿಲ್ಲದು ಎಂಬದನ್ನು ಅವರು ಆ ಕಾಲದಲ್ಲಿಯೇ ಕಲಿತುಕೊಂಡರೆಂದು ಅವರ ಆತ್ಮಕಥೆಯಿಂದ ತಿಳಿಯುತ್ತದೆ. ವಸೂಲಾಗದ ವಾಗ್ದಾನಗಳನ್ನು ಪಟ್ಟಿಯ ಜಮಾ ಕಡೆಯಲ್ಲಿ ವರುಷ ವರುಷವೂ ಹೊತ್ತುಕೊಂಡು ಹೋಗುವ ಸಂಸ್ಥೆಗಳು ಇದನ್ನು ಗಮನಿಸಲಿ.

ಈಗ ಕಷ್ಟವಾದ ಪ್ರಶ್ನೆಗೆ ಬಂದೆವು. ದೂರದ ದಾನಿಯೊಬ್ಬನು ಯಾವ ಪಟ್ಟಿ ಕಳುಹಿಸಿದರೂ ಐದರಲ್ಲಿ ಒಂದು ಪಾಲನ್ನು ಕಡಿಯುತ್ತಾನೆ ಎಂದು ಕಾರ್ಯದರ್ಶಿಗೆ ಗೊತ್ತಿದೆ. ಆಗ ಅವನು 8 ಲಕ್ಷ ಬೇಕಾದಲ್ಲಿ 10 ಲಕ್ಷವೆಂದು ಬರೆದರೆ ಅದು ಸುಳ್ಳೋ? ಹಲವರು ಇಲ್ಲವೆನ್ನುವರು. ಸಂತೆಯಲ್ಲಿ ಎಮ್ಮೆ ಮಾರುವವನು ಹೆಚ್ಚು ಬೆಲೆ ಹೇಳುತ್ತಾನೆ, ಕೊಳ್ಳುವವನು ಇಳಿಸುತ್ತಾನೆ, ಇಬ್ಬರಿಗೂ ಆಟ ಗೊತ್ತು, ಯಾರೂ ಮೋಸಹೋಗುವದಿಲ್ಲ ಎಂದು ಅವರು ವಾದಿಸುವರು. ಈ ವಾದವು ಹಗುರವಾದದ್ದಲ್ಲ. ಮಕ್ಕಳ ಊಟ ನಿಲ್ಲಬಾರದೆಂಬ ಭಯದಿಂದ ಬರೆದವನನ್ನು ಕಳ್ಳನೆಂದು ಕರೆಯುವದಕ್ಕೆ ನಮಗೆ ಮನಸ್ಸಿಲ್ಲ.

ಆದಾಗ್ಯೂ ಸಂತೆಗೂ ಇದಕ್ಕೂ ಭೇದವುಂಟು. ಸಂತೆಯಲ್ಲಿ ಎಮ್ಮೆಯು ಕಣ್ಣೆದುರಿಗೆ ನಿಂತಿದೆ. ಕೊಳ್ಳುವವನು ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ಬೆಲೆ ಕಟ್ಟುವನು. ದಾನಿಯು ವಿದ್ಯಾರ್ಥಿನಿಲಯವನ್ನು ಕಾಣನು; ಅವನಿಗೆ ಕಾಣುವದು ಆ ಕಾಗದವೊಂದೇ. ಇದಲ್ಲದೆ ಪಕ್ಕದ ತಾಲೂಕಿನಲ್ಲಿ ಮತ್ತೊಬ್ಬನು ಇದ್ದದ್ದನ್ನೇ ಬರೆದು 8 ಲಕ್ಷ ಕೇಳಿದ್ದರೆ, ಅವನ ಪಟ್ಟಿಯೂ ಕಡಿಯಲ್ಪಡುವದು, ಅಲ್ಲಿಯ ಮಕ್ಕಳಿಗೆ 6 ಲಕ್ಷ 40 ಸಾವಿರ ಮಾತ್ರ ಮುಟ್ಟುವದು. ಉಬ್ಬಿಸಿ ಬರೆದವನು ದಾನಿಯನ್ನು ಗೆದ್ದೆನೆಂದು ತಿಳಿದಿರುವನು; ಅವನು ಗೆದ್ದದ್ದು ಆ ಮಕ್ಕಳನ್ನು. ಕಡೆಯದಾಗಿ, ಯಾವ ವರುಷದಲ್ಲಾದರೂ ದಾನಿಯು ಕಡಿಯದೆ 10 ಲಕ್ಷವನ್ನೂ ಕಳುಹಿಸಿದರೆ, ಆ 2 ಲಕ್ಷವನ್ನು ಎಲ್ಲಿಡುವದು? ಆಗ ಒಂದು ಸುಳ್ಳಿಗೆ ಮನೆ ಕಟ್ಟಿಕೊಡಲು ಹತ್ತು ಸುಳ್ಳು ಚೀಟಿಗಳು ಬೇಕಾಗುವವು. ಕಾಗದದ ಮೇಲೆ ಒಂದು ಬಾಬು, “ಬೆಲೆಯೇರಿಕೆ ಮತ್ತು ಅನಿರೀಕ್ಷಿತ ವೆಚ್ಚ” ಎಂದು ಬಹಿರಂಗವಾಗಿ ಬರೆದು, ಯಾಕೆ ಬೇಕೆಂಬದನ್ನು ಕೆಳಗೆ ಎರಡು ಸಾಲಿನಲ್ಲಿ ತಿಳಿಸಿದರೆ ಅದೇ ಕೆಲಸವಾಗುವದು. ಕಡಿದರೆ ಕಡಿಯಲಿ, ಏನನ್ನು ಕಡಿದೆನೆಂದು ದಾನಿಗೂ ತಿಳಿದಿರಲಿ.

ದಾನಿಗಳೂ ಈ ಪಾಪದಲ್ಲಿ ಪಾಲುಗಾರರೆಂಬದನ್ನು ಹೇಳದೆ ಬಿಡಲಾರೆವು. ನನ್ನ ಹಣವೆಲ್ಲಾ ಮಗುವಿಗೇ ಹೋಗಬೇಕು, ಆಡಳಿತಕ್ಕೆ ಕಾಸೂ ಹೋಗಬಾರದು ಎಂದು ಹಟ ಹಿಡಿಯುವವರು ಅನೇಕರು. ಕೇಳುವದಕ್ಕೆ ಇದು ಭಕ್ತಿಯಂತೆ ಇಂಪಾಗಿದೆ. ಆದರೆ ರಾತ್ರಿಯೆಲ್ಲಾ ಜ್ವರದ ಮಗುವಿನ ಹತ್ತಿರ ಕೂತಿರುವ ಮೇಲ್ವಿಚಾರಕಿಯ ಸಂಬಳವು ಎಷ್ಟೋ ಪಟ್ಟಿಗಳಲ್ಲಿ “ಆಡಳಿತ” ಎಂಬ ಬಾಬಿನಲ್ಲಿಯೇ ಬರುವದು. ಆಕೆ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಈ ಹಟಕ್ಕೆ ಹೆದರಿ ಸಂಸ್ಥೆಯವರು ನಿಜವಾದ ಆಡಳಿತದ ವೆಚ್ಚವನ್ನು ಕಡಿಮೆ ತೋರಿಸುವರು. ಅದನ್ನು ಕಂಡ ದಾನಿಗಳು ಮುಂದಿನ ವರುಷ ಇನ್ನೂ ಕಡಿಮೆ ನಿರೀಕ್ಷಿಸುವರು. ಹೀಗೆ ಸಂಸ್ಥೆಯು ತನ್ನನ್ನು ತಾನೇ ಉಪವಾಸ ಕೆಡವಿಕೊಳ್ಳುವದು. ಈ ಚಕ್ರವನ್ನು ಅಮೆರಿಕದ ಗ್ರೆಗರಿ ಮತ್ತು ಹೋವರ್ಡ್ ಎಂಬವರು 2009ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದರು. ನಮ್ಮ ದೇಶದಲ್ಲಿ ಹೊರದೇಶದ ವಂತಿಗೆಯ 2010ರ ಕಾಯಿದೆಯು ಆಡಳಿತಕ್ಕೆ ನೂರಕ್ಕೆ 50ರ ವರೆಗೆ ವೆಚ್ಚ ಮಾಡಲು ಬಿಟ್ಟಿತ್ತು. 2020ರ ತಿದ್ದುಪಡಿಯು ಅದನ್ನು 20ಕ್ಕೆ ಇಳಿಸಿತು. ಮಿತಿ ಇರುವದು ಒಳ್ಳೇದೇ. ಆ ಮಿತಿಯೊಳಗೆ ನಿಲ್ಲುವದಕ್ಕೋಸ್ಕರ ಅಡಿಗೆಯವಳ ಸಂಬಳವನ್ನು ಕಡಿದು ಅದನ್ನು ಮಿತವ್ಯಯವೆಂದು ವರದಿಯಲ್ಲಿ ಹೊಗಳಿಕೊಳ್ಳುವದು ಕೂಲಿಯನ್ನು ಹಿಡಿದಿಡುವ ಅನ್ಯಾಯವೇ ಸರಿ.

ಪಟ್ಟಿಯನ್ನು ಸಭೆಯ ಮುಂದೆ ಇಡುವ ಕ್ರಮದಲ್ಲಿಯೂ ಸತ್ಯವೋ ಮರೆಯೋ ಇರಬಹುದು. ಮಧ್ಯಾಹ್ನದ ಊಟದ ವಾಸನೆ ಬರುತ್ತಿರುವಾಗ ನಲ್ವತ್ತು ಸಂಖ್ಯೆಗಳನ್ನು ಒಂದೇ ಉಸಿರಿನಲ್ಲಿ ಓದಿ, “ಎಲ್ಲರ ಒಪ್ಪಿಗೆ ಇದೆಯಷ್ಟೆ” ಎಂದು ಮುಗಿಸುವ ಖಜಾಂಚಿಗಳನ್ನು ಯಾರು ನೋಡಿಲ್ಲ? ಅದರಲ್ಲಿ ಸುಳ್ಳು ಒಂದೂ ಇಲ್ಲದಿರಬಹುದು. ಆದರೂ ಯಾರಿಗೂ ಏನೂ ತಿಳಿಯಲಿಲ್ಲ. ಕರ್ನಾಟಕದ ಸಂಘಗಳ ನೋಂದಣಿ ಕಾಯಿದೆ (1960) ವರುಷಕ್ಕೊಂದು ಸರ್ವಸದಸ್ಯರ ಸಭೆಯನ್ನೂ ಪರಿಶೋಧಿಸಿದ ಲೆಕ್ಕವನ್ನೂ ಬೇಡುತ್ತದೆ. ತಿಳುವಳಿಕೆಯನ್ನು ಕಾಯಿದೆಯು ಉಂಟುಮಾಡಲಾರದು. ಕೋಳಿ ಮಾರಿ 20 ರೂಪಾಯಿ ಕೊಟ್ಟ ವಿಧವೆಗೆ ತಿಳಿಯುವ ಹಾಗೆ ಹೇಳಬೇಕಾದರೆ, ಕರಿಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ, ನೂರು ರೂಪಾಯಿ ಬಂದರೆ ಊಟಕ್ಕೆ ಎಷ್ಟು, ಸಂಬಳಕ್ಕೆ ಎಷ್ಟು, ಮನೆಗೆ ಎಷ್ಟು ಎಂದು ಬರೆದರೆ ಸಾಕು. ಹಣ ಕಡಿಮೆಯಾದರೆ ಮೊದಲು ಯಾವದನ್ನು ನಿಲ್ಲಿಸುವಿರಿ ಎಂಬ ಒಂದು ಪ್ರಶ್ನೆಯನ್ನು ಆಕೆ ಕೇಳಿದರೆ, ಉತ್ತರವನ್ನು ಆ ದಿನವೇ ಕೊಡತಕ್ಕದ್ದು. ಕಮಿಟಿಯ ಮನಸ್ಸು ಯಾವದರ ಮೇಲಿದೆ ಎಂಬದು ಆ ಉತ್ತರದಲ್ಲಿ ಹೊರಬೀಳುವಷ್ಟು ಉಳಿದ ಸಂಖ್ಯೆಗಳಲ್ಲಿ ಹೊರಬೀಳದು.

ಒಪ್ಪಿಗೆಯಾದ ಪಟ್ಟಿಯು ಮಾರ್ಚಿ ತಿಂಗಳ ವರೆಗೂ ಕಪಾಟಿನಲ್ಲಿ ಮಲಗಿದರೆ ಅದನ್ನು ಮಾಡಿದ ಶ್ರಮವೆಲ್ಲಾ ವ್ಯರ್ಥ. ಮೂರು ತಿಂಗಳಿಗೊಮ್ಮೆ ಒಂದು ಹಾಳೆಯಲ್ಲಿ, ಅಂದಾಜು ಎಷ್ಟು, ನಿಜವಾಗಿ ಎಷ್ಟು, ಅಂತರ ಎಷ್ಟು, ಯಾಕೆ ಎಂದು ನಾಲ್ಕು ಕಟ್ಟೆಗಳಲ್ಲಿ ಬರೆದು ಓದತಕ್ಕದ್ದು. ಕಡೆಯ ಕಟ್ಟೆಯೇ ಮುಖ್ಯ. ಊಟದ ವೆಚ್ಚ ಕಡಿಮೆಯಾಗಿದ್ದರೆ ಸಂತೋಷಪಡಬೇಡಿರಿ; ಅಕ್ಕಿ ಅಗ್ಗವಾಯಿತೋ, ಮಕ್ಕಳು ಬಿಟ್ಟುಹೋದರೋ, ಸಾರು ತೆಳ್ಳಗಾಯಿತೋ ಎಂದು ಕೇಳಿರಿ. ಉಳಿತಾಯವೆಂಬದು ಯಾವಾಗಲೂ ಶುಭವಾರ್ತೆಯಲ್ಲ.

ಇಲ್ಲಿ ಇನ್ನೊಂದು ಸಂಕಟವು ಎದುರಾಗುವದುಂಟು. ಒಬ್ಬ ದಾನಿಯು ಮಾಡಿನ ದುರಸ್ತಿಗೆಂದೇ 60,000 ರೂಪಾಯಿ ಕೊಟ್ಟಿದ್ದಾನೆ, ಅದು ಬ್ಯಾಂಕಿನಲ್ಲಿದೆ. ಅಕ್ಟೋಬರಿನಲ್ಲಿ ಅಕ್ಕಿಗೆ ಹಣವಿಲ್ಲ. ಹಸಿದ ಮಕ್ಕಳ ಮುಂದೆ ಹಂಚಿನ ಹಣವನ್ನು ಮುಟ್ಟದೆ ಇಡುವದು ಧರ್ಮವೋ? ಮುಟ್ಟಬಾರದೆಂದು ಖಂಡಿತವಾಗಿ ಹೇಳುವವರ ಹೃದಯವು ಕಲ್ಲು. ಯೋಚಿಸದೆ ಮುಟ್ಟುವವರಾದರೋ, ಮುಂದಿನ ಜೂನಿನಲ್ಲಿ ಅದೇ ಮಕ್ಕಳ ಹಾಸಿಗೆಯ ಮೇಲೆ ನೀರು ಸುರಿಯುವದನ್ನು ಮರೆತವರು. ಯಾವಾಗ ಮುಟ್ಟಬಹುದು? ಮೊದಲು ದಾನಿಗೆ ತಿಳಿಸಿ ಅವನ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು; ಈ ಕಾಲದಲ್ಲಿ ಅದಕ್ಕೆ ಅರ್ಧ ತಾಸು ಬೇಕಾಗದು. ಬಳಿಕ ಅದನ್ನು ಸಾಲವೆಂದು ಪುಸ್ತಕದಲ್ಲಿ ಬರೆದು, ಸುಗ್ಗಿಯ ಕಾಣಿಕೆಯಿಂದ ಇಂಥ ತಾರೀಖಿನೊಳಗೆ ತುಂಬುವದಾಗಿ ಕಮಿಟಿಯು ಗೊತ್ತು ಮಾಡಬೇಕು. ದಾನಿಯು ಒಲ್ಲೆನೆಂದರೆ ಬೇರೆ ಕಡೆಯಲ್ಲಿ ಸಾಲ ಮಾಡಬೇಕೇ ಹೊರತು ಕದ್ದು ತೆಗೆಯಬಾರದು. ಖಜಾಂಚಿಯೊಬ್ಬನೇ ರಾತ್ರಿಯಲ್ಲಿ ಕುಳಿತು, ಹೇಗೂ ತುಂಬುವೆನಲ್ಲಾ ಎಂದು ಮನಸ್ಸಿನಲ್ಲಿಯೇ ನಿರ್ಣಯಿಸಿ ತೆಗೆದ ಹಣವು ಎಷ್ಟೋ ಸಾರಿ ಹಿಂದಕ್ಕೆ ಬಾರದು. ಬಂದರೂ ಆ ನಡುವೆ ಅವನಿಗೆ ನಿದ್ರೆ ಇಲ್ಲ. ಅವನ ಹೆಂಡತಿ ಮಕ್ಕಳು ಸಭೆಯಲ್ಲಿ ತಲೆಯೆತ್ತಿ ನಡೆಯಬೇಕಾದರೆ ಆ ಮೂರು ತಿಂಗಳ ಹಾಳೆಯು ಅವನಿಗೇ ಮೊದಲು ಬೇಕು.

ವರುಷದ ಕಡೆಯಲ್ಲಿ ಹಣ ಉಳಿದರೆ ಏನು ಮಾಡಬೇಕೆಂಬದೊಂದು ಉಳಿಯಿತು. ಮಾರ್ಚಿ ತಿಂಗಳ ಕಡೆಯ ವಾರದಲ್ಲಿ ಬೇಡದ ಬೀರುಗಳನ್ನೂ ಕುರ್ಚಿಗಳನ್ನೂ ಕೊಂಡು ಪಟ್ಟಿಯನ್ನು ಸರಿಮಾಡುವ ಅಭ್ಯಾಸವು ಬಹು ಕಡೆ ಕಾಣುತ್ತದೆ. ತೆರಿಗೆಯ ವಿನಾಯಿತಿ ಹೊಂದಿದ ಧರ್ಮಾರ್ಥ ಸಂಸ್ಥೆಯು ಆದಾಯದಲ್ಲಿ ನೂರಕ್ಕೆ 85ನ್ನು ತನ್ನ ಉದ್ದೇಶಕ್ಕಾಗಿ ವೆಚ್ಚ ಮಾಡತಕ್ಕದ್ದೆಂಬ ನಿಯಮವಿರುವದು ನಿಜ. ಮಿಕ್ಕದ್ದನ್ನು ಇಂಥ ಕೆಲಸಕ್ಕೆಂದು ಮುಂಚಿತವಾಗಿ ತಿಳಿಸಿ ಕೂಡಿಡಲು ಅದೇ ಕಾನೂನು ದಾರಿ ಬಿಟ್ಟಿದೆ. ಸಾರ್ವಜನಿಕ ಸಂಸ್ಥೆಗೆ ಸ್ಥಿರವಾದ ನಿಧಿಯೇ ಇರಬಾರದು, ಅದು ಜನರ ಪ್ರೀತಿಯಿಂದ ವರುಷ ವರುಷ ಬದುಕಬೇಕು ಎಂಬದು ಗಾಂಧಿಯವರ ಅಭಿಪ್ರಾಯವಾಗಿತ್ತು. ನಿಧಿಯು ದೊಡ್ಡದಾದ ಹಾಗೆಲ್ಲಾ ಕಮಿಟಿಯವರು ಜನರಿಗೆ ಉತ್ತರ ಕೊಡುವದನ್ನು ಬಿಡುವರೆಂಬ ಅವರ ಭಯಕ್ಕೆ ಕಾರಣವಿಲ್ಲದೆ ಇಲ್ಲ. ಆದರೆ 40 ಮಕ್ಕಳ ಊಟವು ಒಂದು ಅಂಚೆಯ ತಡಕ್ಕೆ ನಿಲ್ಲುವಂತಾಗಬಾರದು. ಮೂರು ತಿಂಗಳ ಊಟಕ್ಕೆ, ಅಂದರೆ ನಮ್ಮ ಉದಾಹರಣೆಯಲ್ಲಿ 2,16,000 ರೂಪಾಯಿಗೆ, ಮೀರದ ಒಂದು ನಿಧಿಯನ್ನು ಪಟ್ಟಿಯಲ್ಲಿ ಅದರ ಹೆಸರಿನಿಂದಲೇ ತೋರಿಸಿ, ಇಬ್ಬರ ರುಜುವಿಲ್ಲದೆ ಅದರಿಂದ ತೆಗೆಯಕೂಡದೆಂದು ಗೊತ್ತು ಮಾಡಿ, ತೆಗೆದ ದಿನವನ್ನೂ ಕಾರಣವನ್ನೂ ಮುಂದಿನ ಕೂಟದಲ್ಲಿ ಓದುವದು ನಮ್ಮ ದೃಷ್ಟಿಯಲ್ಲಿ ಸಾಕಾದದ್ದು. ಆ ಇಬ್ಬರಲ್ಲಿ ಒಬ್ಬರು ಖಜಾಂಚಿಯ ಬಂಧುಗಳಾಗಿರದಿದ್ದರೆ ಇನ್ನೂ ಒಳ್ಳೇದು.